ಕೀಲಿ ಬಯಲಲ್ಲಿರಲಿ, ಕೀಲಿಕೈ ಕಿಸೆಯಲ್ಲಿರಲಿ

ಗೋಕಾಕದಿಂದ ಮೂಡಲಗಿ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಕಿರಾಣಿ ಅಂಗಡಿಯ ಮೂಲೆಯಲ್ಲಿ ಬ್ಯಾಂಕ್ ಮಿತ್ರನ ಮೇಜು, ಮೇಜಿನ ಮೇಲೆ ಅಂಗೈಯಲ್ಲಿ ಹಿಡಿಸುವ ಪುಟ್ಟ ಯಂತ್ರ, ಅದರ ಗಾಜಿನಡಿ ಕೆಂಪು ಬೆಳಕು. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ತೆಗೆಯಲು ಬಂದಿದ್ದ ಹಿರಿಯ ಹೆಣ್ಣುಮಗಳು ಹೆಬ್ಬೆರಳಿಟ್ಟರು. ಯಂತ್ರ ಒಪ್ಪಲಿಲ್ಲ. ಕಬ್ಬಿನ ರವದಿ ಸುಲಿದು ಸುಲಿದು ಗೆರೆ ಸವೆದ ಬೆರಳು. ‘ಯವ್ವಾ, ಸೆರಗಿಗೆ ಒರಸ್ಕೊಂಡು ಇನ್ನೊಮ್ಮಿ ಇಡ್ರಿ’ ಎಂದ ಹುಡುಗ. ಮೂರನೇ ಸಲಕ್ಕೆ ಪರದೆ ಹಸಿರಾಯಿತು. ನೋಟು ಎಣಿಸಿ ಸಂಚಿಗೆ ಹಾಕಿಕೊಂಡವರು ಅಲ್ಲಿಂದ ಕದಲಲಿಲ್ಲ.

‘ತಮ್ಮಾ, ನನ್ನ ಬಟ್ಟು ಇದ್ರಾಗ ಉಳೀತೈತೇನು?’

‘ಇಲ್ಲ ಯವ್ವಾ, ಅದು ಮ್ಯಾಲ ಆಫೀಸಿಗೆ ಹೋಗ್ತೈತಿ.’

‘ಹೋಗೂಮುಂದ ದಾರ್ಯಾಗ ಯಾರರ ನೋಡಿದ್ರ?’

ಹುಡುಗ ನನ್ನ ಮುಖ ನೋಡಿದ. ನಾನು ಏನೋ ಹೇಳಿದೆ, ಸರಿಯಾಗಿ ಹೇಳಲಿಲ್ಲ. ಆ ಪ್ರಶ್ನೆಗೆ ಸಾವಧಾನವಾಗಿ ಉತ್ತರ ಕೊಡಬೇಕೆಂದೇ ಈ ಬರಹ.

ಮೊದಲು ನೇರ ಉತ್ತರ. ಬೆರಳಚ್ಚು ತೆಗೆದ ಕೂಡಲೇ ಅದನ್ನು ‘ಎಇಎಸ್-256’ ಎಂಬ ಗೂಢಲಿಪಿ ವಿಧಾನದಿಂದ ಓದಲು ಬಾರದ ಅಂಕಿಗಳ ರಾಶಿಯಾಗಿ ಮಾಡಲಾಗುತ್ತದೆ. ಹಾಗೆ ಮಾಡಲು ಬಳಸಿದ ಗುಟ್ಟಿನ ಸಂಖ್ಯೆ ಆ ಒಂದು ವ್ಯವಹಾರಕ್ಕಷ್ಟೇ. ಆ ಸಂಖ್ಯೆಯನ್ನೂ ಆಧಾರ್ ಪ್ರಾಧಿಕಾರದ 2048 ಬಿಟ್ ಉದ್ದದ ಇನ್ನೊಂದು ಕೀಲಿಯಲ್ಲಿ ಮುಚ್ಚಿ ಕಳಿಸುತ್ತಾರೆ. ಅದನ್ನು ತೆರೆಯುವ ಶಕ್ತಿ ಪ್ರಾಧಿಕಾರದ ಬಳಿ ಮಾತ್ರ. ಈ ಕ್ರಮ ಗುಟ್ಟಿನದಲ್ಲ, ಪ್ರಾಧಿಕಾರವೇ ಪ್ರಕಟಿಸಿದ ತಾಂತ್ರಿಕ ಕೈಪಿಡಿಯಲ್ಲಿದೆ. ಹಾಗಾಗಿ ದಾರಿಯಲ್ಲಿ ಯಾರಾದರೂ ಅಡ್ಡ ಹಾಕಿ ಕದ್ದರೂ ಅವರ ಕೈಗೆ ಸಿಗುವುದು ಅರ್ಥವಿಲ್ಲದ ಅಂಕಿಗಳು.

ಈಗ ಇನ್ನೂ ಕಷ್ಟದ ಪ್ರಶ್ನೆ. ಈ ಕೀಲಿ ಗಟ್ಟಿ ಎಂದು ನಮಗೆ ಹೇಳಿದವರು ಯಾರು? ಅವರನ್ನು ನಂಬುವುದು ಹೇಗೆ?

ನಮ್ಮ ಕಡೆ ಬೀಗಕ್ಕೆ ಕೀಲಿ ಅನ್ನುತ್ತೇವೆ, ಅದನ್ನು ತೆಗೆಯುವುದಕ್ಕೆ ಕೀಲಿಕೈ. ಗೂಢಲಿಪಿ ಶಾಸ್ತ್ರದ ಮೊದಲ ಪಾಠ ಈ ಎರಡು ಮಾತುಗಳ ನಡುವೆಯೇ ಇದೆ. 1883ರಲ್ಲಿ ಆಗಸ್ಟ್ ಕೆರ್ಕಾಫ್ಸ್ ಎಂಬ ಡಚ್ ಮೂಲದ ಭಾಷಾ ಪಂಡಿತರು ಫ್ರಾನ್ಸಿನ ಸೇನಾ ಪತ್ರಿಕೆಯೊಂದರಲ್ಲಿ ಬರೆದದ್ದು ಇದು: ಕೀಲಿಯ ರಚನೆ ಶತ್ರುವಿನ ಕೈಗೆ ಸಿಕ್ಕರೂ ತೊಂದರೆ ಆಗಬಾರದು, ಗುಟ್ಟೆಲ್ಲ ಕೀಲಿಕೈಯಲ್ಲಿರಬೇಕು. ಕೀಲಿಯ ರಚನೆಯನ್ನೇ ಮುಚ್ಚಿಟ್ಟು ‘ನಂಬಿರಿ, ಗಟ್ಟಿಯಾಗಿದೆ’ ಎನ್ನುವ ಕಮ್ಮಾರನನ್ನು ಸಂಶಯದಿಂದಲೇ ನೋಡಬೇಕು. ಹತ್ತು ಜನ ಬಿಚ್ಚಿ, ಕುಟ್ಟಿ, ಮುರಿಯಲು ನೋಡಿ ಸೋತ ಕೀಲಿಯೇ ಗಟ್ಟಿ ಕೀಲಿ.

ಕಬ್ಬಿನ ಸೀಮೆಯವರಿಗೆ ಇದನ್ನು ಕಾಟಾದ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ರೈತರು ಧರಣಿ ಕುಳಿತದ್ದು ಬೆಲೆಗಾಗಿ. ಟನ್ನಿಗೆ 3,500 ರೂಪಾಯಿ ಕೇಳಿದರು, ಕೊನೆಗೆ 3,300ರ ಸೂತ್ರಕ್ಕೆ ಮಾತು ನಿಂತಿತು. ಆದರೆ ಬೆಲೆ ಎಷ್ಟೇ ನಿಗದಿಯಾದರೂ ದುಡ್ಡು ಕೈಗೆ ಬರುವುದು ತೂಕದ ಮೇಲೆ. ಅದಕ್ಕೇ ಎಷ್ಟೋ ರೈತರು ಕಬ್ಬಿನ ಟ್ರ್ಯಾಕ್ಟರನ್ನು ಹೊರಗಿನ ಕಾಟಾದಲ್ಲಿ ಒಮ್ಮೆ ತೂಗಿಸಿ, ಆ ಚೀಟಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡೇ ಕಾರ್ಖಾನೆಯ ಗೇಟಿಗೆ ಹೋಗಬಯಸುತ್ತಾರೆ. ಕಾನೂನು ಮಾಪನಶಾಸ್ತ್ರ ಇಲಾಖೆಯ ಸೀಲು ಇದ್ದರೂ ಎರಡನೇ ಕಾಟಾ ಬೇಕೆನ್ನುತ್ತಾರೆ. ಇದರಲ್ಲಿ ಯಾರನ್ನೂ ಅವಮಾನಿಸುವ ಮಾತಿಲ್ಲ. ನಾನೇ ತೂಗಿ ನೋಡಬಲ್ಲೆ ಎಂಬ ಅವಕಾಶವೇ ನಂಬಿಕೆಯ ಬುಡ. ಪಕ್ಕದ ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕರೆಂಟು ಹಂಚುತ್ತಿದೆ; ಅಲ್ಲಿ ಗ್ರಾಹಕನೇ ಸದಸ್ಯ, ಲೆಕ್ಕ ಕೇಳುವುದು ಅವನ ಹಕ್ಕು. ಅಳತೆಗೋಲು ಮಾಡುವವರು ಅಳತೆಗೆ ಒಳಗಾಗುವವರ ಎದುರು ನಿಂತು ಉತ್ತರ ಹೇಳಬೇಕೆಂಬುದು ಈ ಮಣ್ಣಿಗೆ ಹೊಸ ವಿಚಾರವಲ್ಲ.

ಗೂಢಲಿಪಿಯ ಅಳತೆಗೋಲಿನ ಕಥೆ ಶುರುವಾಗುವುದು ಅಮೆರಿಕದಲ್ಲಿ. ಬ್ಯಾಂಕುಗಳಿಗೂ ಸರ್ಕಾರಿ ಕಚೇರಿಗಳಿಗೂ ಒಂದೇ ಮಾನಕ ಬೇಕೆಂದು 1970ರ ದಶಕದಲ್ಲಿ ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆ ಹೊರಟಿತು. ಐಬಿಎಂ ಕಂಪನಿ ‘ಲೂಸಿಫರ್’ ಎಂಬ ತನ್ನ ವಿಧಾನವನ್ನು ತಿದ್ದಿ ಕೊಟ್ಟಿತು. ಅದರ ಕೀಲಿಕೈ 128 ಬಿಟ್ ಉದ್ದವಿತ್ತು. ಬೇಹುಗಾರಿಕಾ ಸಂಸ್ಥೆ ಎನ್‌ಎಸ್‌ಎ ಕೈಯಾಡಿಸಿದ ಮೇಲೆ 1975ರಲ್ಲಿ ಹೊರಬಂದ ಕರಡಿನಲ್ಲಿ ಅದು 56 ಬಿಟ್‌ಗೆ ಇಳಿದಿತ್ತು. ಒಳಗಿನ ಕೆಲವು ಅಂಕಿಪಟ್ಟಿಗಳೂ ಬದಲಾಗಿದ್ದವು. ಏಕೆ ಬದಲಾದವು ಎಂದು ಯಾರೂ ಹೇಳಲಿಲ್ಲ. ಸ್ಟ್ಯಾನ್‌ಫರ್ಡ್‌ನ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಬಹಿರಂಗವಾಗಿ ಆಕ್ಷೇಪಿಸಿದರು. 1977ರಲ್ಲಿ ‘ಡಿಇಎಸ್’ ಎಂಬ ಹೆಸರಿನಲ್ಲಿ ಅದೇ ಮಾನಕವಾಯಿತು.

ಮುಂದೆ ನಡೆದದ್ದನ್ನು ನಾನು ಎಷ್ಟು ಸಲ ಓದಿದರೂ ಅದು ಮನಸ್ಸಿನಿಂದ ಹೋಗುವುದಿಲ್ಲ. 1990ರ ಸುಮಾರಿಗೆ ಇಸ್ರೇಲಿನ ಎಲಿ ಬಿಹಾಮ್ ಮತ್ತು ಆದಿ ಶಮೀರ್ ಗೂಢಲಿಪಿ ಮುರಿಯುವ ಹೊಸ ವಿಧಾನವೊಂದನ್ನು ಪ್ರಕಟಿಸಿದರು. ಅದನ್ನು ಡಿಇಎಸ್ ಮೇಲೆ ಪ್ರಯೋಗಿಸಿದಾಗ ಆ ಅಂಕಿಪಟ್ಟಿಗಳು ಅಚ್ಚರಿಯಾಗುವಷ್ಟು ಗಟ್ಟಿಯಾಗಿ ನಿಂತವು. 1994ರಲ್ಲಿ ಐಬಿಎಂನ ಡಾನ್ ಕಾಪರ್‌ಸ್ಮಿತ್ ಬಾಯಿಬಿಟ್ಟರು: ಈ ದಾಳಿ ತಮಗೆ 1974ರಲ್ಲೇ ಗೊತ್ತಿತ್ತು, ಪಟ್ಟಿಗಳನ್ನು ಅದಕ್ಕೆ ತಡೆಯಾಗಿಯೇ ಕಟ್ಟಿದ್ದೆವು, ಎನ್‌ಎಸ್‌ಎ ಜತೆ ಮಾತಾಡಿ ಆಗ ಹೇಳದಿರಲು ತೀರ್ಮಾನವಾಗಿತ್ತು. ಅಂದರೆ ಅಂಕಿಪಟ್ಟಿಯ ವಿಷಯದಲ್ಲಿ ಅವರು ಮಾಡಿದ್ದು ಒಳ್ಳೆಯದನ್ನೇ. ಆದರೂ ಜಗತ್ತು ಹತ್ತಾರು ವರ್ಷ ಅವರನ್ನು ಸಂಶಯದಿಂದ ನೋಡಿತು, ಹಾಗೆ ನೋಡಿದ್ದು ತಪ್ಪೂ ಅಲ್ಲ. ಏಕೆಂದರೆ ಕೀಲಿಕೈ ಮೊಟಕು ಮಾಡಿದ ವಿಷಯದಲ್ಲಿ ಸಂಶಯವೇ ನಿಜವಾಯಿತು. 1998ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಎಂಬ ನಾಗರಿಕ ಸಂಸ್ಥೆ ಎರಡೂವರೆ ಲಕ್ಷ ಡಾಲರಿಗೂ ಕಡಿಮೆ ಖರ್ಚಿನಲ್ಲಿ ಯಂತ್ರ ಕಟ್ಟಿ 56 ಗಂಟೆಗಳಲ್ಲಿ ಡಿಇಎಸ್ ಮುರಿಯಿತು. ಒಂದೇ ಪೆಟ್ಟಿಗೆಯಲ್ಲಿ ಒಳ್ಳೆಯದೂ ಕೆಟ್ಟದೂ ಇದ್ದವು. ಪೆಟ್ಟಿಗೆ ಮುಚ್ಚಿದ್ದರಿಂದ ಯಾವುದು ಯಾವುದೆಂದು ಬಳಸುವವರಿಗೆ ತಿಳಿಯಲಿಲ್ಲ.

ಡಿಇಎಸ್ ಮುರಿಯುವ ಮುಂಚೆಯೇ, ಅದರ ಸುತ್ತಲಿನ ಸಂಶಯದಿಂದ ಪಾಠ ಕಲಿತು, 1997ರ ಜನವರಿಯಲ್ಲಿ ಅದೇ ಮಾನಕ ಸಂಸ್ಥೆ, ಆ ಹೊತ್ತಿಗೆ ಅದರ ಹೆಸರು ನಿಸ್ಟ್, ಬಯಲಿಗೆ ಬಂತು. ಯಾವ ದೇಶದವರಾದರೂ ಕೀಲಿ ತರಬಹುದು, ರಚನೆ ಪೂರ್ತಿ ಬಹಿರಂಗವಾಗಿರಬೇಕು, ಯಾರು ಬೇಕಾದರೂ ಮುರಿಯಲು ಯತ್ನಿಸಬಹುದು ಎಂದಿತು. ಕಣಕ್ಕಿಳಿದದ್ದು 15 ವಿಧಾನಗಳು. ಕ್ಯಾಲಿಫೋರ್ನಿಯಾ, ರೋಮ್, ನ್ಯೂಯಾರ್ಕ್‌ಗಳಲ್ಲಿ ಸಮ್ಮೇಳನ ನಡೆದು, ಒಬ್ಬರ ಕೀಲಿಯನ್ನು ಇನ್ನೊಬ್ಬರು ಕುಟ್ಟಿ ನೋಡಿ, ಐದು ಉಳಿದು, 2000ದ ಅಕ್ಟೋಬರ್ 2ರಂದು ಗೆದ್ದದ್ದು ಬೆಲ್ಜಿಯಂನ ಯೋನ್ ಡಾಮೆನ್ ಮತ್ತು ವಿನ್ಸೆಂಟ್ ರಾಯ್ಮೆನ್ ಎಂಬ ಇಬ್ಬರು ತರುಣರ ರಚನೆ. ಅದೇ ಎಇಎಸ್. 2003ರಲ್ಲಿ ಅಮೆರಿಕ ತನ್ನ ಪರಮ ರಹಸ್ಯ ಕಾಗದಗಳಿಗೂ ಅದನ್ನು ಒಪ್ಪಿತು. ಸೋತವರೂ ಆ ಆಯ್ಕೆಯನ್ನು ಒಪ್ಪಿದರು. ಅವರ ಕಣ್ಣೆದುರೇ ತೂಗಿದ್ದರಲ್ಲ! ಗೋಕಾಕದ ಆ ತಾಯಿಯ ಹೆಬ್ಬೆರಳನ್ನು ಇವತ್ತು ಕಾಯುತ್ತಿರುವುದು ಆ ಬಯಲಾಟದಲ್ಲಿ ಗೆದ್ದ ಕೀಲಿ.

ಹೀಗೆ ಗಳಿಸಿದ ಹೆಸರು ಕೆಡಲು ಹೆಚ್ಚು ಕಾಲ ಬೇಕಾಗಲಿಲ್ಲ. 2006ರಲ್ಲಿ ನಿಸ್ಟ್ ಒಪ್ಪಿದ ವಿಧಾನಗಳಲ್ಲಿ ‘ಡ್ಯುಯಲ್ ಇಸಿ’ ಎಂಬುದೊಂದಿತ್ತು. ಗುಟ್ಟಿನ ಸಂಖ್ಯೆಗಳನ್ನು ಹುಟ್ಟಿಸುವ ಸೂತ್ರ. ಅದರಲ್ಲಿದ್ದ ಎರಡು ಸ್ಥಿರಾಂಕಗಳು ಎಲ್ಲಿಂದ ಬಂದವೆಂಬ ವಿವರವಿರಲಿಲ್ಲ. ಅವುಗಳನ್ನು ಆರಿಸಿದವರ ಬಳಿ ಕಳ್ಳ ಕೀಲಿಕೈ ಇರಬಹುದೆಂದು 2007ರಲ್ಲೇ ಡಾನ್ ಶುಮೋವ್ ಮತ್ತು ನೀಲ್ಸ್ ಫರ್ಗ್ಯುಸನ್ ತೋರಿಸಿದರು. 2013ರಲ್ಲಿ ಎಡ್ವರ್ಡ್ ಸ್ನೋಡನ್ ಹೊರತಂದ ಕಾಗದಗಳು ಆ ಶಂಕೆಗೆ ಬಲ ಕೊಟ್ಟವು. 2014ರಲ್ಲಿ ನಿಸ್ಟ್ ಆ ಸೂತ್ರವನ್ನು ಕೈಬಿಟ್ಟಿತು, 2016ರಲ್ಲಿ ಮಾನಕ ರೂಪಿಸುವ ತನ್ನ ಕ್ರಮವನ್ನೇ ಬರೆದು ಪ್ರಕಟಿಸಿತು. ಅದರಲ್ಲಿ ಮೊದಲು ಹೇಳಿದ ತತ್ವ ಪಾರದರ್ಶಕತೆ. ಇನ್ನು 2020ರಲ್ಲಿ ಬಯಲಾದ ಕ್ರಿಪ್ಟೋ ಎಜಿ ಹಗರಣ ನಮಗೂ ನೇರವಾಗಿ ತಾಕುವಂಥದ್ದು. ಸ್ವಿಟ್ಜರ್ಲೆಂಡಿನ ಆ ಕಂಪನಿಯ ಗೂಢಲಿಪಿ ಯಂತ್ರಗಳನ್ನು ಕೊಂಡ ದೇಶಗಳ ಪಟ್ಟಿಯಲ್ಲಿ ಭಾರತವೂ ಇತ್ತು, ಕಂಪನಿಯ ಗುಪ್ತ ಒಡೆಯರು ಅಮೆರಿಕ ಮತ್ತು ಜರ್ಮನಿಯ ಬೇಹುಗಾರಿಕಾ ಸಂಸ್ಥೆಗಳಾಗಿದ್ದವು. ಮುಚ್ಚಿದ ಪೆಟ್ಟಿಗೆ ಕೊಂಡವರು ಕೊಟ್ಟ ಬೆಲೆ ಅದು.

ಈಗ ನಮ್ಮ ಮನೆಗೆ ಬರೋಣ. ಇಂಟರ್ನೆಟ್ ಕಂಪನಿಗಳಿಗೆ ದೂರಸಂಪರ್ಕ ಇಲಾಖೆ ಕೊಟ್ಟ ಹಳೆಯ ಲೈಸೆನ್ಸಿನಲ್ಲಿ ಒಂದು ಷರತ್ತಿತ್ತು: 40 ಬಿಟ್‌ಗಿಂತ ಉದ್ದದ ಕೀಲಿಕೈ ಬಳಸಬೇಕಾದರೆ ಅನುಮತಿ ಬೇಕು, ಆ ಕೀಲಿಕೈಯನ್ನು ಎರಡು ಭಾಗ ಮಾಡಿ ಇಲಾಖೆಗೆ ಒಪ್ಪಿಸಬೇಕು. 40 ಬಿಟ್ ಎಂದರೆ ಸುಮಾರು 1.1 ಲಕ್ಷ ಕೋಟಿ ಸಾಧ್ಯತೆಗಳು. ಕೇಳಲು ದೊಡ್ಡ ಸಂಖ್ಯೆ; ಆದರೆ 1997ರ ಜನವರಿಯಲ್ಲೇ ಬರ್ಕ್ಲಿಯ ವಿದ್ಯಾರ್ಥಿ ಇಯಾನ್ ಗೋಲ್ಡ್‌ಬರ್ಗ್ ಕಾಲೇಜಿನ ಕಂಪ್ಯೂಟರುಗಳನ್ನು ಜೋಡಿಸಿ ಮೂರೂವರೆ ಗಂಟೆಯಲ್ಲಿ ಅಂಥದ್ದೊಂದನ್ನು ಮುರಿದಿದ್ದರು. ಇತ್ತ 2001ರಲ್ಲಿ ರಿಸರ್ವ್ ಬ್ಯಾಂಕ್ ಇಂಟರ್ನೆಟ್ ಬ್ಯಾಂಕಿಂಗಿಗೆ ಕನಿಷ್ಠ 128 ಬಿಟ್ ಇರಲೇಬೇಕೆಂದಿತು. ಒಂದೇ ದೇಶದಲ್ಲಿ ಒಂದು ಇಲಾಖೆ 40ಕ್ಕಿಂತ ಮೇಲೆ ಹೋಗಬೇಡ ಎನ್ನುತ್ತಿತ್ತು, ಇನ್ನೊಂದು ಸಂಸ್ಥೆ 128ಕ್ಕಿಂತ ಕೆಳಗೆ ಇಳಿಯಬೇಡ ಎನ್ನುತ್ತಿತ್ತು.

ಈ ಗೊಂದಲದ ನಡುವೆ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 84ಎ ಕಲಂ ಸೇರಿತು. ಎನ್‌ಕ್ರಿಪ್ಷನ್, ಅಂದರೆ ಗೂಢಲಿಪಿಯ ವಿಧಾನಗಳನ್ನು ಕೇಂದ್ರ ಸರ್ಕಾರ ನಿಗದಿ ಮಾಡಬಹುದು ಎಂಬುದು ಅದರ ಸಾರ. 2009ರ ಅಕ್ಟೋಬರ್ 27ರಂದು ಜಾರಿಯಾಯಿತು. ಆರು ವರ್ಷದ ಮೇಲೆ, 2015ರ ಸೆಪ್ಟೆಂಬರಿನಲ್ಲಿ, ತಜ್ಞರ ಸಮಿತಿಯೊಂದು ಸಿದ್ಧಪಡಿಸಿದ ‘ರಾಷ್ಟ್ರೀಯ ಎನ್‌ಕ್ರಿಪ್ಷನ್ ನೀತಿ’ಯ ಕರಡು ಬಂತು. ಕೆಲವೇ ಪುಟಗಳ ಕರಡು, ಅಭಿಪ್ರಾಯ ತಿಳಿಸಲು ಅಕ್ಟೋಬರ್ 16ರ ಗಡುವು. ಓದಿದವರು ಹೌಹಾರಿದರು. ಗೂಢಲಿಪಿಯಲ್ಲಿ ಕಳಿಸಿದ ಮಾಹಿತಿಯ ಮೂಲ ಪ್ರತಿಯನ್ನು, ಎಲ್ಲರೂ ಓದಬಲ್ಲ ರೂಪದಲ್ಲಿ, 90 ದಿನ ಇಟ್ಟುಕೊಂಡಿರಬೇಕು, ಪೊಲೀಸರು ಕೇಳಿದಾಗ ತೋರಿಸಬೇಕು ಎಂದಿತ್ತು. ಲಕೋಟೆಗೆ ಅರಗು ಹಾಕಿ ಕಳಿಸು, ಒಳಗಿನ ಪತ್ರದ ನಕಲನ್ನು ಮಾತ್ರ ಮನೆಯ ಗೂಡಿನಲ್ಲಿ ಬಿಚ್ಚಿಟ್ಟಿರು ಎಂದಂತೆ. ಗೋಕಾಕದ ಕರದಂಟು ಅಂಗಡಿಯವರು ಮೊಬೈಲಿನಲ್ಲಿ ತೆಗೆದುಕೊಂಡ ಆರ್ಡರಿನಿಂದ ಹಿಡಿದು ಮಗಳು ಊರಿಂದ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶದವರೆಗೆ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತಿತ್ತು.

ಇನ್ನೊಂದು ವಿವರ ಅಷ್ಟಾಗಿ ಚರ್ಚೆಗೆ ಬರಲಿಲ್ಲ, ನನಗೆ ಅದೇ ಮುಖ್ಯವಾಗಿ ಕಾಣುತ್ತದೆ. ಕರಡು ಸೂಚಿಸಿದ ವಿಧಾನಗಳು ಎಇಎಸ್, ಟ್ರಿಪಲ್ ಡಿಇಎಸ್ ಮತ್ತು ಆರ್‌ಸಿ4. ಆ ಕೊನೆಯದು ಸೋರುತ್ತದೆಂದು, ವೆಬ್ ಸಂಪರ್ಕಗಳ ಭದ್ರತೆಗೆ ಅದನ್ನು ಬಳಸಲೇಬಾರದೆಂದು, ಇಂಟರ್ನೆಟ್ಟಿನ ತಾಂತ್ರಿಕ ಮಾನಕ ರೂಪಿಸುವ ಐಇಟಿಎಫ್ ಅದೇ 2015ರ ಫೆಬ್ರುವರಿಯಲ್ಲಿ ಸಾರಿತ್ತು. ಏಳು ತಿಂಗಳ ಹಿಂದೆ ಜಗತ್ತು ಕಿತ್ತೆಸೆದ ಕೀಲಿಯನ್ನು ನಮ್ಮ ಕರಡು ಬಾಗಿಲಿಗೆ ಹಾಕಲು ಹೊರಟಿತ್ತು. ಬರೆದವರ ನಿಷ್ಠೆಯನ್ನು ನಾನು ಶಂಕಿಸುತ್ತಿಲ್ಲ. ಕರಡು ಕಟ್ಟುವ ಹಂತದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯ ಗಣಿತಜ್ಞರ ಮುಂದೆ ಬಹಿರಂಗವಾಗಿ ಇಟ್ಟಿದ್ದರೆ ಆ ಸಾಲು ಒಂದು ದಿನವೂ ಉಳಿಯುತ್ತಿರಲಿಲ್ಲ.

ಗದ್ದಲವೆದ್ದ ಮೇಲೆ ವಾಟ್ಸ್‌ಆ್ಯಪ್, ಫೇಸ್‌ಬುಕ್, ಬ್ಯಾಂಕ್ ವ್ಯವಹಾರಗಳಿಗೆ ವಿನಾಯಿತಿ ಎಂದು ಅವಸರದ ತಿದ್ದುಪಡಿ ಹೊರಟಿತು. ಅದೂ ಸಾಲದೆ ಸೆಪ್ಟೆಂಬರ್ 22ರಂದು ಅಂದಿನ ಸಚಿವ ರವಿಶಂಕರ್ ಪ್ರಸಾದ್ ಕರಡನ್ನು ಹಿಂದಕ್ಕೆ ಪಡೆದರು. ಜನರ ಮಾತಿಗೆ ಸರ್ಕಾರ ಕಿವಿಗೊಟ್ಟದ್ದು ಒಳ್ಳೆಯದೇ. ಆದರೆ ಹೊಸ ಕರಡು ಬರಲಿಲ್ಲ. 84ಎ ಅಡಿಯ ನಿಯಮಗಳು ಇಂದಿಗೂ ಬಂದಿಲ್ಲ.

ಈ ನಡುವೆ ಖಾಸಗಿತನ ಮೂಲಭೂತ ಹಕ್ಕಾಯಿತು. ಅದನ್ನು ತಂದುಕೊಟ್ಟವರು ಕನ್ನಡ ನಾಡಿನ ಹಿರಿಯರು ಎಂಬುದನ್ನು ನಾವು ಹೆಮ್ಮೆಯಿಂದ ನೆನೆಯಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದ ತೀರ್ಪು ಕೊಟ್ಟಿತು. ಮರುವರ್ಷ ಆಧಾರ್ ವಿಚಾರಣೆ ನಡೆದಾಗ ಪ್ರಾಧಿಕಾರದ ಮುಖ್ಯಸ್ಥರು 2048 ಬಿಟ್ ಕೀಲಿ ಮುರಿಯಲು ವಿಶ್ವದ ಆಯಸ್ಸೇ ಬೇಕೆಂದು ಕೋರ್ಟಿಗೆ ವಿವರಿಸಿದರು. ಗಣಿತದ ಮಟ್ಟಿಗೆ ಆ ಮಾತು ದೊಡ್ಡ ಭರವಸೆ.

ಆದರೆ ಕಳ್ಳರು ಗಣಿತದ ಬಾಗಿಲಿನಿಂದ ಬರಲಿಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಮಾಡಿಸಿದ ಜನರ ಬ್ಯಾಂಕ್ ಖಾತೆಯಿಂದ ಆಧಾರ್ ಪಾವತಿ ಮೂಲಕ ಹಣ ಹೋಯಿತು. ಒಟಿಪಿ ಬಂದಿರಲಿಲ್ಲ, ಯಾರ ಫೋನೂ ಬಂದಿರಲಿಲ್ಲ. ನೋಂದಣಿ ಪತ್ರಗಳ ನಕಲಿನಲ್ಲಿ ಒತ್ತಿದ್ದ ಹೆಬ್ಬೆಟ್ಟಿನ ಗುರುತನ್ನು ಎತ್ತಿ ನಕಲಿ ಬೆರಳು ಮಾಡಿದ್ದರು. ಆ ಬಳಿಕ ಪತ್ರಗಳಲ್ಲಿ ಬೆರಳಚ್ಚು ಮರೆಮಾಚುವ ಕ್ರಮಕ್ಕೆ ಸರ್ಕಾರ ಮುಂದಾಯಿತು. ವಿಶ್ವದ ಆಯಸ್ಸು ಬೇಕಾದ ಕೀಲಿ ಒಂದು ಕಚೇರಿಯ ಬಾಗಿಲಲ್ಲಿ, ಅದೇ ಹೆಬ್ಬೆಟ್ಟು ಇನ್ನೊಂದು ಕಚೇರಿಯ ಕಾಗದದಲ್ಲಿ ಬಿಚ್ಚಿಟ್ಟದ್ದು! ಮಾನಕ ಎಂದರೆ ಬರೀ ಬಿಟ್‌ಗಳ ಲೆಕ್ಕವಲ್ಲ. ಮಾಹಿತಿ ಎಲ್ಲಿ ಹುಟ್ಟಿ ಎಲ್ಲೆಲ್ಲಿ ಹಾಯ್ದು ಎಲ್ಲಿ ಉಳಿಯುತ್ತದೆ ಎಂಬ ಪೂರ್ತಿ ದಾರಿಯ ಲೆಕ್ಕ. ಆ ದಾರಿಯ ನಕ್ಷೆ ಜನರ ಮುಂದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಪತ್ರ ಬರಹಗಾರರೇ ಎಚ್ಚರಿಸುತ್ತಿದ್ದರೇನೋ. ದಿನವಿಡೀ ಆ ಹೆಬ್ಬೆಟ್ಟು ನೋಡುವವರು ಅವರೇ.

‘ಎಲ್ಲವನ್ನೂ ಬಯಲಿಗಿಟ್ಟರೆ ದೇಶದ ಭದ್ರತೆ ಏನಾಗಬೇಕು’ ಎಂದು ಕೇಳುವ ಅಧಿಕಾರಿಗಳಿದ್ದಾರೆ, ಅವರ ಕಾಳಜಿ ಸುಳ್ಳಲ್ಲ. ಮಕ್ಕಳನ್ನು ಕಾಡುವವರು, ಬಾಂಬಿಡುವವರು ಇದೇ ಗೂಢಲಿಪಿಯ ಮರೆಯಲ್ಲಿ ಮಾತಾಡುತ್ತಾರೆ. ಅದಕ್ಕೆಂದೇ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ 69ನೇ ಕಲಂ ಇದೆ. ಆದೇಶವಿದ್ದಾಗ ಮಾಹಿತಿ ಬಿಡಿಸಿಕೊಡದಿದ್ದರೆ ಏಳು ವರ್ಷದವರೆಗೆ ಜೈಲು. ಯಾರ ಮೇಲೆ ತನಿಖೆ ನಡೆಯುತ್ತಿದೆ ಎಂಬುದು ಗುಟ್ಟಾಗಿರಲಿ, ಯಾರೂ ಬೇಡ ಎನ್ನುವುದಿಲ್ಲ. ಎಲ್ಲರ ಮನೆಗೆ ಹಾಕುವ ಕೀಲಿಯನ್ನು ಹೇಗೆ ಆರಿಸಿದಿರಿ ಎಂಬುದು ಮಾತ್ರ ಗುಟ್ಟಾಗಬಾರದು. ಪೊಲೀಸರಿಗೆಂದು ಬಿಟ್ಟ ಹಿತ್ತಲ ಕಿಂಡಿ ಕಳ್ಳನಿಗೂ ಕಾಣುತ್ತದೆ.

ಇಷ್ಟಾದರೂ ಮುಚ್ಚುವ ಚಾಳಿ ಹೋಗಿಲ್ಲ. ಕರಡು ಕಾನೂನನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು, ಬಂದ ಅಭಿಪ್ರಾಯಗಳ ಸಾರಾಂಶ ಪ್ರಕಟಿಸಬೇಕು ಎಂದು 2014ರಲ್ಲಿ ಕೇಂದ್ರ ಸರ್ಕಾರವೇ ನಿರ್ಧರಿಸಿತ್ತು. 2025ರ ಜನವರಿ 3ರಂದು ವೈಯಕ್ತಿಕ ದತ್ತಾಂಶ ರಕ್ಷಣಾ ನಿಯಮಗಳ ಕರಡು ಬಂದಾಗ, ಬಂದ ಅಭಿಪ್ರಾಯಗಳನ್ನು ಯಾವ ಹಂತದಲ್ಲೂ ಯಾರಿಗೂ ಬಹಿರಂಗಪಡಿಸುವುದಿಲ್ಲ ಎಂದು ಮಾಹಿತಿ ತಂತ್ರಜ್ಞಾನ ಸಚಿವಾಲಯ ಹೇಳಿತು. ದೊಡ್ಡ ಕಂಪನಿ ಏನು ಕೇಳಿತು, ನಾಗರಿಕ ಏನು ಕೇಳಿದ, ಯಾರ ಮಾತು ನಡೆಯಿತು ಎಂದು ತಿಳಿಯುವ ದಾರಿಯೇ ಇಲ್ಲ. ನವೆಂಬರಿನಲ್ಲಿ ನಿಯಮಗಳು ಅಂತಿಮವಾದವು. ದತ್ತಾಂಶವನ್ನು ಎನ್‌ಕ್ರಿಪ್ಷನ್ ಮುಂತಾದ ಕ್ರಮಗಳಿಂದ ಕಾಪಾಡಿ ಎಂದು ಅವು ಹೇಳುತ್ತವೆ. ಯಾವ ಎನ್‌ಕ್ರಿಪ್ಷನ್, ಯಾರು ಪರೀಕ್ಷಿಸಿದ್ದು ಎಂದು ಹೇಳುವುದಿಲ್ಲ. ಇದು ತಪ್ಪು. ಕಾಟಾ ಕಡ್ಡಾಯ ಎಂದು ಹೇಳಿ ತೂಕದ ಕಲ್ಲು ತೋರಿಸದಿದ್ದರೆ ಹೇಗೆ?

ಹೊತ್ತು ಹೆಚ್ಚಿಲ್ಲ. ಕ್ವಾಂಟಂ ಕಂಪ್ಯೂಟರ್ ದೊಡ್ಡದಾಗಿ ಬೆಳೆದ ದಿನ ಆ 2048 ಬಿಟ್ ಕೀಲಿಯ ಗಣಿತ ಕುಸಿಯುತ್ತದೆ. ಅದಕ್ಕೆ ಬದಲಿ ಹುಡುಕಲು ನಿಸ್ಟ್ 2016ರಲ್ಲಿ ಮತ್ತೊಂದು ಬಯಲು ಸ್ಪರ್ಧೆ ಸಾರಿ, 2024ರ ಆಗಸ್ಟಿನಲ್ಲಿ ಮೊದಲ ಮೂರು ಮಾನಕ ಪ್ರಕಟಿಸಿತು. ಆ ಕಣದಲ್ಲಿ ‘ಸೈಕ್’ ಎಂಬ ಕೀಲಿ ಐದು ವರ್ಷ ಎಲ್ಲ ಪೆಟ್ಟು ತಡೆದುಕೊಂಡು ನಾಲ್ಕನೇ ಸುತ್ತಿಗೆ ಬಂದಿತ್ತು. 2022ರಲ್ಲಿ ಬೆಲ್ಜಿಯಂನ ಇಬ್ಬರು ಗಣಿತಜ್ಞರು ಒಂದೇ ಪ್ರೊಸೆಸರ್ ಕೋರ್ ಮೇಲೆ ಸುಮಾರು ಒಂದು ಗಂಟೆಯಲ್ಲಿ ಅದನ್ನು ಮುರಿದರು. ಬಯಲಿನಲ್ಲಿ ಮುರಿಯಿತು, ಯಾರ ಮನೆಯ ಬಾಗಿಲಿಗೂ ಹೋಗುವ ಮುಂಚೆ ಮುರಿಯಿತು. ಮುಚ್ಚಿದ ಕೋಣೆಯಲ್ಲಿ ಆರಿಸಿದ್ದರೆ ಅದು ಇಂದು ಯಾರೋ ಒಬ್ಬರ ಖಾತೆ ಕಾಯುತ್ತಿರುತ್ತಿತ್ತು. ನಮ್ಮಲ್ಲೂ 2023ರಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್ ಶುರುವಾಗಿದೆ, ಅದರ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಜ್ಞಾನಕ್ಕೆ ಕೊರತೆಯಿಲ್ಲ. ಹಳೆ ಕೀಲಿ ಬದಲಿಸುವ ದಿನ ಬಂದೇ ಬರುತ್ತದೆ, ಆಗ ಹೊಸ ಕರಡೂ ಬರುತ್ತದೆ.

ಆ ಕರಡಿನ ಜತೆ ಬರೆದವರ ಹೆಸರು, ಪ್ರತಿ ಆಯ್ಕೆಯ ಕಾರಣ, ಬಂದ ಪ್ರತಿ ಆಕ್ಷೇಪಣೆ ಮತ್ತು ಅದಕ್ಕೆ ಕೊಟ್ಟ ಉತ್ತರ ಬಹಿರಂಗವಾಗಿ ಇರಬೇಕೆಂದು ಈಗಲೇ ಕೇಳಿ. ಕನ್ನಡದಲ್ಲೂ ಇರಬೇಕೆಂದು ಕೇಳಿ. ನಿಮ್ಮ ಸಂಸದರಿಗೆ, ಮಾಹಿತಿ ತಂತ್ರಜ್ಞಾನ ಸಚಿವಾಲಯಕ್ಕೆ ಒಂದು ಪತ್ರ ಸಾಕು. ಅಷ್ಟರೊಳಗೆ ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಆಧಾರ್ ಆ್ಯಪ್‌ನಲ್ಲಿ ಬೆರಳಚ್ಚನ್ನು ಲಾಕ್ ಮಾಡಿಡುವ ಸೌಲಭ್ಯವಿದೆ. ಹಣ ತೆಗೆಯುವ ಹೊತ್ತಿಗೆ ತೆರೆದು ಮತ್ತೆ ಮುಚ್ಚಬಹುದು. ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಪಕ್ಕದಲ್ಲಿ ಕುಳಿತು ಮಾಡಿಕೊಡಿ.